ಎರಡೂವರೆ ಮೂಟೆ

ಭಾನುವಾರ. ಬೇಕರಿಗೆ ಬೀಗ. ಒಲೆ ಮಾತ್ರ
ನಿನ್ನೆಯ ಬಿಸಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.
ಹಿಂದಿನ ಶೆಡ್ಡಿನಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ
ಕೆಂಪು ಮಾಜ್ದಾ, ಚಕ್ರ ಕಳಚಿ,
ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತ ಹಾಗೆ.

ಪೆಟ್ಟಿಗೆಯಲ್ಲಿ ಹಳದಿ ಸ್ಪ್ರಿಂಗು,
ಮೈತುಂಬ ತಿರುಪಿನ ಗೆರೆಯ ಹೊಸ ಡ್ಯಾಂಪರು,
ಜಪಾನೀ ಅಕ್ಷರದ ಹಾಳೆ ಒಂದು.
ಅದರಲ್ಲಿ ಬಾಣದ ಗುರುತು ಮಾತ್ರ ನನ್ನ ಭಾಷೆ.

ತಂಗಿಯ ಮಗ ತೊಮೆ, ಹದಿನಾಲ್ಕು,
ಟಾರ್ಚು ಹಿಡಿದ; ಬೇಕಾದ ಜಾಗವೊಂದು ಬಿಟ್ಟು
ವಿಲಾ ರಿಯಲ್ಲಿಗೆಲ್ಲ ಬೆಳಕು ಕೊಟ್ಟ.

ಮೂರು ಬೋಲ್ಟು ಮಾತಿಗೇ ಬಂದವು.
ನಾಲ್ಕನೆಯದು, ಹಿಂದಿನ ಎಡದ್ದು,
ಇಪ್ಪತ್ತೇಳು ಚಳಿಗಾಲದ ರಸ್ತೆಯುಪ್ಪು ತಿಂದದ್ದು,
ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.
ಉಪ್ಪು ತಿಂದ ಮೇಲೆ ಎಣ್ಣೆ ಕುಡಿಯಲೇಬೇಕು:
ಸುರಿದೆ. ಕಾದೆ. ಸುರಿದೆ.
ಬ್ರೆಡ್ಡು ತೆಗೆಯುವ ಸಲಿಕೆಯ ಟೊಳ್ಳು ಹಿಡಿಕೆಯನ್ನು
ಸ್ಪ್ಯಾನರಿಗೆ ತೊಡಿಸಿ ಮೈಯೆಲ್ಲ ಹೇರಿದೆ.
ಟಕ್ ಎಂದಿತು.
ಬೋಲ್ಟೋ, ನನ್ನ ಭುಜವೋ,
ಇಬ್ಬರೂ ಉಸಿರು ಹಿಡಿದೆವು.
ಬೋಲ್ಟು.

ಹಳೆಯ ಸ್ಪ್ರಿಂಗು ಕೈಗೆ ಬಂತು. ಕೆಳಗಿನ ಸುತ್ತು ಮುರಿದಿತ್ತು,
ಮುರಿದ ಅಂಚಿಗೂ ತುಕ್ಕು ಹಿಡಿದಿತ್ತು.
ಯಾವ ವರ್ಷದ್ದೋ. ಇಷ್ಟು ದಿನ
ಅದರ ಮೇಲೆ ಕೂತೇ ಮರಾಂವ್ ಬೆಟ್ಟ ಹತ್ತಿಳಿಯುತ್ತಿದ್ದೆ,
ರಸ್ತೆಯನ್ನು ಬೈಯುತ್ತಾ.

ಇಳಿಸಿದ ಮೇಲೆ ಅಮ್ಮ ಕಿಟಕಿಯಿಂದ ಕೇಳಿದಳು,
"ಅದು ನಿಂತಿದೆಯೋ, ಮಲಗಿದೆಯೋ?"

"ಒಂದು ವಾರ ಓಡಿಸು, ಸ್ಪ್ರಿಂಗು ಕೂರಲಿ,
ಆಮೇಲೆ ಬಾ" ಎಂದಿದ್ದ ಡೆಲ್ಫಿಂ.
ಓಡಿಸಿದೆ. ಕಲ್ಲುಹಾಸಿನ ಓಣಿಯಲ್ಲಿ
ಒಂದೊಂದು ಕಲ್ಲೂ ಹಲ್ಲಿಗೆ ತನ್ನ ಹೆಸರು ಹೇಳಿತು.
ನೇರ ಹೋಗಲು ಸ್ಟೀರಿಂಗು ಓರೆ ಹಿಡಿಯಬೇಕು.
ಹಾಗೆ ಬದುಕಿದವಳಿಗೆ ಅದೇನೂ ಕಷ್ಟವಾಗಲಿಲ್ಲ.

ಶನಿವಾರ. ಡೆಲ್ಫಿಂನ ಬಳಿ ಲೇಸರ್ ಇಲ್ಲ.
ಮೀನು ಹಿಡಿಯುವ ದಾರ, ಉಕ್ಕಿನ ಪಟ್ಟಿ,
ಚಕ್ರಕ್ಕೊಂದರಂತೆ ನಾಲ್ಕು ತಕ್ಕಡಿ.
"ನಿನ್ನ ತೂಕ ಎಷ್ಟು, ಗ್ರಾಸಾ?"
"ಯಾಕೆ?"
"ನೀನಿರುವ ಕಾರು ಬೇರೆ, ನೀನಿಲ್ಲದ ಕಾರು ಬೇರೆ.
ನಾನು ಅಳೆಯಬೇಕಾದ್ದು ಮೊದಲನೆಯದನ್ನು."

ನನ್ನ ಸೀಟಿನಲ್ಲಿ ಹಿಟ್ಟಿನ ಮೂಟೆ ಪೇರಿಸಿದೆವು,
ಇಪ್ಪತ್ತೈದರವು ಎರಡು, ಮೇಲೊಂದು ಅರ್ಧ.
ಬೆಲ್ಟು ಬಿಗಿದೆ. ದೂರ ನಿಂತು ನೋಡಿದೆ:
ತಲೆಯಿಲ್ಲ, ಕೈಯಿಲ್ಲ, ಆದರೆ ಕೂರುವ ಭಂಗಿ ನನ್ನದೇ,
ಎಡಕ್ಕೆ ಸ್ವಲ್ಪ ವಾಲಿ.

"ಪಕ್ಕದ ಸೀಟಿಗೆ?"

ನಾಲ್ಕು ವರ್ಷದ ಹಿಂದೆ ಕೇಳಿದ್ದರೆ ಎಂಬತ್ತೆರಡು ಕಿಲೋ
ಎನ್ನುತ್ತಿದ್ದೆ, ಜೇಬಿನ ಬೀಗದ ಗೊಂಚಲು ಸಮೇತ.
ಈಗ ಆನ್ಸೆಲ್ಮುವಿನ ಭಾರ ಯಾರದೋ ಕಾರಿನ ಲೆಕ್ಕ.
"ನಾನು ಕೂರಲ್ವಾ?" ಎಂದ ತೊಮೆ.
"ನೀನು ಇನ್ನೂ ಬೆಳೀತಿದ್ದೀಯ. ದಿನಾ ಯಾರು ತಿರುಪು ತಿರುಗಿಸ್ತಾರೆ?"
"ಖಾಲಿ ಬಿಡು" ಎಂದೆ.
ಡೆಲ್ಫಿಂ ಮಾತಾಡಲಿಲ್ಲ. ಆ ಬದಿಯ ನೆಲದ ಮೇಲೆ
ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದ.

ಕಾಲು ಸುತ್ತು ಇಲ್ಲಿ, ಅರ್ಧ ಸುತ್ತು ಅಲ್ಲಿ,
ಮೂಲೆಗೆ ಮೂಲೆ ತೂಗುವವರೆಗೆ.
ಆಮೇಲೆ ದಾರ ಕಟ್ಟಿದ. ಮುಂದಿನ ಚಕ್ರಗಳ ತಲೆ
ಒಳಕ್ಕೆ ಒಂದೂವರೆ ಡಿಗ್ರಿ,
ಮೂಗು ಒಳಕ್ಕೆ ಒಂದೇ ಮಿಲಿಮೀಟರು.
ಅಷ್ಟಕ್ಕೆ ಎರಡು ಗಂಟೆ! ತೊಮೆ ಆಕಳಿಸಿದ.
ನಾನಲ್ಲ. ಹದ ಅನ್ನುವುದು ಎಷ್ಟು ಸಣ್ಣದೆಂದು
ನಾದುವ ಕೈಗೆ ಯಾರೂ ಹೇಳಬೇಕಾಗಿಲ್ಲ.

ಸಂಜೆ ಮರಾಂವ್ ರಸ್ತೆ. ಚೆಸ್ಟ್‌ನಟ್ ಮರಗಳು ಮುಗಿದು
ಬೋಳು ಬಂಡೆ ಶುರುವಾಗುವಲ್ಲಿ ಉದ್ದದ ನೇರ.
ಸ್ಟೀರಿಂಗಿನಿಂದ ಕೈ ತೆಗೆದೆ,
ಒಂದು, ಎರಡು, ಮೂರು ಎಣಿಸಿದೆ.
ಹೋಗುತ್ತಲೇ ಇತ್ತು.
ಕರಿ ಪ್ಯಾಂಟಿನ ಹಿಂಬದಿಗೆಲ್ಲ ಹಿಟ್ಟು.

ಸೋಮವಾರ ಮೂರಕ್ಕೆ ಎದ್ದು
ಅವೇ ಮೂಟೆ ಬಿಚ್ಚಿ ನಾದಿದೆ.
ಹತ್ತು ಗಂಟೆಗೆಲ್ಲ ಅಷ್ಟೂ ಮಾರಿಹೋಯಿತು.